ಕರೆದರೆ ತಿರುಗಿ ಬಾರದ ಮುಧೋಳ ನಾಯಿಯನ್ನು ಬಯಲು ಮತ್ತು ಗುಡ್ಡದ ನಡಿಗೆಗೆ ಒಗ್ಗಿಸುವುದು ಹೇಗೆ?

ಮುಂಜಾವು (ಮೈಸೂರು):

ಎಲ್ಲರಿಗೂ ನಮಸ್ಕಾರ. ಎಂಟು ತಿಂಗಳ ಹಿಂದೆ ನಮ್ಮ ಮನೆಗೆ ಎರಡು ವರ್ಷದ ಹೆಣ್ಣು ಮುಧೋಳ ನಾಯಿಯೊಂದು ಬಂದಿದೆ. ಹೆಸರು ಮಿಂಚು. ಮೊದಲು ಸಾಕಿದ್ದವರು ಬೇರೆ ಊರಿಗೆ ಹೋಗಬೇಕಾಗಿ ಬಂದು, ಅಲ್ಲಿನ ಬಾಡಿಗೆ ಮನೆಯಲ್ಲಿ ನಾಯಿ ಸಾಕಲು ಒಪ್ಪದ ಕಾರಣ ಅವಳನ್ನು ನಮಗೆ ಒಪ್ಪಿಸಿದರು. ಮನೆಯೊಳಗೆ ಅವಳಷ್ಟು ಸೌಮ್ಯವಾದ ಪ್ರಾಣಿಯನ್ನು ನಾನು ಕಂಡಿಲ್ಲ. ಊಟದ ತಟ್ಟೆಯ ಪಕ್ಕದಲ್ಲಿಯೇ ಮಲಗಿದ್ದರೂ ಮೂತಿ ಚಾಚುವುದಿಲ್ಲ. ಬಯಲಿಗೆ ಕಾಲಿಟ್ಟ ಮೇಲೆ ಮಾತ್ರ ನಾನೊಬ್ಬ ಜೊತೆಯಲ್ಲಿದ್ದೇನೆ ಎಂಬುದೇ ಅವಳಿಗೆ ಮರೆತುಹೋಗುತ್ತದೆ.

ಎರಡು ತಿಂಗಳ ಹಿಂದೆ ವರುಣಾ ನಾಲೆಯ ಏರಿಯ ಮೇಲೆ ಬೆಳಗಿನ ನಡಿಗೆಯಲ್ಲಿದ್ದಾಗ ಲಾಂಟಾನ ಪೊದೆಯಿಂದ ಮೊಲವೊಂದು ಹಾರಿ ಓಡಿತು. ಮಿಂಚು ಒಂದು ಹೆಜ್ಜೆ ಹಿಂದಕ್ಕೆ ಸರಿದು ತಲೆಯನ್ನು ತಿರುಚಿದಳು. ಕೊರಳಪಟ್ಟಿ ಕಿವಿಯ ಮೇಲಿಂದ ಜಾರಿ ನನ್ನ ಕೈಯಲ್ಲಿಯೇ ಉಳಿಯಿತು. ನಾನು ಗಂಟಲು ಹರಿಯುವಂತೆ ಕೂಗಿದರೂ ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ನಲವತ್ತು ನಿಮಿಷಗಳ ನಂತರ ಎದೆಯ ಮೇಲೆಲ್ಲ ಮುಳ್ಳಿನ ಗೀರುಗಳೊಂದಿಗೆ ತಾನಾಗಿಯೇ ಹಿಂತಿರುಗಿದಾಗ, ಅಷ್ಟು ಹೊತ್ತು ಜೀವ ಕೈಯಲ್ಲಿ ಹಿಡಿದುಕೊಂಡಿದ್ದ ನಾನು ಸಿಟ್ಟಿನಲ್ಲಿ ಹಗ್ಗದ ತುದಿಯಿಂದ ಎರಡು ಏಟು ಹೊಡೆದೆ. ಆ ಏಟುಗಳನ್ನು ನೆನೆದರೆ ಈಗಲೂ ನನ್ನ ಮನಸ್ಸು ಕುಗ್ಗುತ್ತದೆ. ಅಂದಿನಿಂದ ಅಂಗಳದಲ್ಲಿ "ಬಾ" ಎಂದು ಕರೆದರೂ ಅವಳು ಎರಡು ಮಾರು ದೂರದಲ್ಲಿ ನಿಂತು, ಬಾಲ ಮುದುರಿ, ನನ್ನ ಮುಖವನ್ನು ನೋಡದೆ ಕೈಯನ್ನೇ ನೋಡುತ್ತಾಳೆ.

ಚಳಿಗಾಲದಲ್ಲಿ ಅವಳನ್ನು ಸುತ್ತಮುತ್ತಲಿನ ಸಣ್ಣ ಬೆಟ್ಟಗುಡ್ಡಗಳಿಗೆ ಕರೆದೊಯ್ಯಬೇಕು ಎಂಬ ಆಸೆ ನನಗಿದೆ. ಪರಿಚಿತರೊಬ್ಬರು ವಿದ್ಯುತ್ ಆಘಾತ ಕೊಡುವ ಕೊರಳಪಟ್ಟಿಯನ್ನು ಕೊಳ್ಳುವಂತೆ ಹೇಳುತ್ತಿದ್ದಾರೆ, ಆದರೆ ನನಗೆ ಮನಸ್ಸು ಒಪ್ಪುತ್ತಿಲ್ಲ. ಕೆಟ್ಟುಹೋದ ಈ ನಂಬಿಕೆಯನ್ನು ಎಲ್ಲಿಂದ ಸರಿಪಡಿಸಲು ತೊಡಗಬೇಕು ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಬಯಲುಸೀಮೆ (ಬಾಗಲಕೋಟೆ ಜಿಲ್ಲೆ):

ಸರ್, ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದಲೂ ಮುಧೋಳ ನಾಯಿಗಳಿವೆ. ಮಿಂಚು ನಿಮ್ಮ ಮಾತನ್ನು ಧಿಕ್ಕರಿಸಿ ಓಡಿದಳು ಎಂಬ ಭಾವನೆ ನಿಮ್ಮಲ್ಲಿದ್ದರೆ ಅದನ್ನು ಮೊದಲು ಬಿಟ್ಟುಬಿಡಿ. ಈ ತಳಿ ಮೂಗಿನಿಂದ ಜಾಡು ಹಿಡಿಯುವುದಕ್ಕಿಂತ ಹೆಚ್ಚಾಗಿ ಕಣ್ಣಿನಿಂದ ಬೇಟೆಯಾಡುವಂಥದ್ದು. ಮರಗಳಿಲ್ಲದ ನಮ್ಮ ಎರೆಭೂಮಿಯಲ್ಲಿ ದೂರದಲ್ಲಿ ಅಲುಗಿದ ಮೊಲವನ್ನು ಕಂಡೊಡನೆ, ಯಜಮಾನನ ಅಪ್ಪಣೆಗೆ ಕಾಯದೆ ಬಿಟ್ಟ ಬಾಣದಂತೆ ಹೊರಡುವ ನಾಯಿಗಳನ್ನೇ ತಲೆತಲೆಮಾರುಗಳಿಂದ ಆರಿಸಿ ಮರಿ ಹಾಕಿಸಿಕೊಂಡು ಬಂದಿದ್ದಾರೆ. ಅಂತಹ ನಾಯಿ ಓಟಕ್ಕೆ ಬಿದ್ದ ಮೇಲೆ ಕೂಗು ಅದರ ಅರಿವಿಗೆ ತಾಗುವುದೇ ಇಲ್ಲ. ಇಂದು ಮೊಲದ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ, ಅದು ಸರಿಯಾದದ್ದೇ. ಆದರೆ ಕಾಯ್ದೆ ಬಂತೆಂದು ನಾಯಿಯ ರಕ್ತದಲ್ಲಿರುವ ಗುಣ ಹೋಗುವುದಿಲ್ಲ.

ಹಾಗೆಂದು ಮುಧೋಳ ನಾಯಿ ಕಲಿಯುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2016ರಲ್ಲಿ ಭಾರತೀಯ ಸೇನೆಯವರು ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಿಂದ ಮರಿಗಳನ್ನು ಕೊಂಡೊಯ್ದು ಮೇರಠ್‌ನಲ್ಲಿ ತರಬೇತಿ ಕೊಟ್ಟರು. ಕಲಿಯುವ ಶಕ್ತಿ ಅದಕ್ಕೆ ಧಾರಾಳವಾಗಿದೆ. ಲ್ಯಾಬ್ರಡಾರ್‌ನಂತೆ ಒಂದೇ ಪಾಠವನ್ನು ಐವತ್ತು ಸಲ ಖುಷಿಯಿಂದ ಮಾಡುವ ಸ್ವಭಾವ ಮಾತ್ರ ಅದರದ್ದಲ್ಲ. ಐದಾರು ಸಲ ಮಾಡಿಸಿ ನಿಲ್ಲಿಸಬೇಕು. ಒಮ್ಮೆ ಗದರಿದರೆ ವಾರಗಟ್ಟಲೆ ಮರೆಯದ ನಾಯಿ ಇದು ಎಂಬುದು ನಿಮಗೇ ತಿಳಿದಿದೆ.

ಇನ್ನು ಕೊರಳಪಟ್ಟಿಯ ವಿಷಯ. ಮುಧೋಳದ ತಲೆ ಉದ್ದವಾಗಿ, ಕೊರಳಿಗಿಂತ ಕಿರಿದಾಗಿ ಇರುತ್ತದೆ. ಸಾಮಾನ್ಯ ಪಟ್ಟಿಯನ್ನು ಎಷ್ಟು ಬಿಗಿ ಮಾಡಿದರೂ, ನಾಯಿ ಹಿಂದಕ್ಕೆ ಎಳೆದ ಕ್ಷಣದಲ್ಲಿ ಜಾರಿಬಿಡುತ್ತದೆ. ಎಳೆದಾಗ ಸ್ವಲ್ಪವೇ ಬಿಗಿಯಾಗಿ ಅಲ್ಲಿಗೆ ನಿಲ್ಲುವ ಅಗಲವಾದ ಬಟ್ಟೆಯ ಪಟ್ಟಿಗಳು ಈಗ ಸಿಗುತ್ತವೆ. ಅದರ ಜೊತೆಗೆ ಎದೆಗೂ ಹೊಟ್ಟೆಗೂ ಕೂಡಿಸಿ ಕಟ್ಟುವ ಹಾರ್ನೆಸ್ ಇರಲಿ. ಚರ್ಮ ಬಹಳ ತೆಳುವಾದ್ದರಿಂದ ಜಾಲಿಯ ಒಂದು ಮುಳ್ಳು ತಾಗಿದರೂ ಸೀಳುತ್ತದೆ. ಮುಳ್ಳುಪೊದೆಗಳ ದಾರಿಯನ್ನು ಬಿಟ್ಟುಬಿಡುವುದೇ ಮೇಲು.

ಓಡುವ ಹಸಿವನ್ನು ನಡಿಗೆಯೊಂದೇ ತೀರಿಸಲಾರದು. ಸುತ್ತ ಬೇಲಿಯಿರುವ ಹೊಲವೋ ಖಾಲಿ ಅಂಗಳವೋ ಸಿಕ್ಕಿದರೆ, ಉದ್ದನೆಯ ಬಿದಿರು ಕೋಲಿನ ತುದಿಗೆ ಹಗ್ಗ ಕಟ್ಟಿ, ಅದರ ತುದಿಗೆ ಹಳೆಯ ಬಟ್ಟೆಯ ಗಂಟೊಂದನ್ನು ಸಿಕ್ಕಿಸಿ ನೆಲದ ಮೇಲೆ ಅತ್ತಿತ್ತ ಓಡಾಡಿಸಿ. ಐದು ನಿಮಿಷ ಅದನ್ನು ಬೆನ್ನಟ್ಟಿ ಹಿಡಿದ ನಾಯಿಯ ಕಣ್ಣಿನಲ್ಲಿ ಕಾಣುವ ನೆಮ್ಮದಿಯೇ ಬೇರೆ. ಬೆನ್ನಟ್ಟುವ ಆಟ ನಿಮ್ಮ ಕೈಯಿಂದಲೇ ಹುಟ್ಟುತ್ತದೆ ಎಂದು ಅದಕ್ಕೆ ತಿಳಿದಷ್ಟೂ ಬಯಲಿನಲ್ಲಿ ನಿಮ್ಮ ಬೆಲೆ ಹೆಚ್ಚುತ್ತದೆ.

ನಾಯಿಪಾಠ (ಬೆಂಗಳೂರು):

ನಾನು ಕೆಲವು ವರ್ಷಗಳಿಂದ ಸಾಕುನಾಯಿಗಳಿಗೆ ತರಬೇತಿ ಕೊಡುತ್ತಿದ್ದೇನೆ. ಮೇಲಿನವರು ತಳಿಯ ಬಗ್ಗೆ ಹೇಳಿದ ಮಾತು ಸಂಪೂರ್ಣ ನಿಜ. ನಾನು ಕರೆಗೆ ಬರುವ ಅಭ್ಯಾಸದ ಬಗ್ಗೆ ಬರೆಯುತ್ತೇನೆ, ಏಕೆಂದರೆ ನಿಮ್ಮ ಇಡೀ ತೊಂದರೆಯ ಬೇರು ಅಲ್ಲಿದೆ.

ನಾಯಿಯ ಲೆಕ್ಕದಲ್ಲಿ ಶಿಕ್ಷೆಯು ಅದು ಕೊನೆಯದಾಗಿ ಮಾಡಿದ ಕೆಲಸಕ್ಕೆ ಸೇರುತ್ತದೆ. ಮಿಂಚು ಕೊನೆಯದಾಗಿ ಮಾಡಿದ್ದು ನಿಮ್ಮ ಬಳಿಗೆ ಬಂದದ್ದು. ಹೀಗಾಗಿ ಆ ಎರಡು ಏಟುಗಳಿಂದ ಅವಳು ಕಲಿತದ್ದು ಮೊಲವನ್ನು ಅಟ್ಟಬಾರದು ಎಂಬುದನ್ನಲ್ಲ, ನಿಮ್ಮ ಹತ್ತಿರ ಬರಬಾರದು ಎಂಬುದನ್ನು. "ಬಾ" ಎಂಬ ಪದಕ್ಕೆ ಈಗ ಆ ನೋವು ಅಂಟಿಕೊಂಡಿದೆ. ಅದನ್ನು ತಿಕ್ಕಿ ತೊಳೆಯಲು ಹೋಗುವುದಕ್ಕಿಂತ ಆ ಪದವನ್ನೇ ಕೈಬಿಟ್ಟು ಹೊಸದೊಂದನ್ನು ಆರಿಸಿಕೊಳ್ಳಿ. ಸಣ್ಣ ಸಿಳ್ಳೆಯಾದರೆ ಇನ್ನೂ ಒಳ್ಳೆಯದು, ಏಕೆಂದರೆ ಸಿಳ್ಳೆಯ ದನಿಯಲ್ಲಿ ನಿಮ್ಮ ಸಿಟ್ಟೂ ಗಾಬರಿಯೂ ಬೆರೆಯುವುದಿಲ್ಲ.

ಮೊದಲ ವಾರ ಮನೆಯಿಂದ ಹೊರಗೆ ಹೋಗುವ ಅಗತ್ಯವಿಲ್ಲ. ಬೇಯಿಸಿದ ಕೋಳಿಯ ಯಕೃತ್ತನ್ನು ಹೆಸರುಕಾಳಿನ ಗಾತ್ರದ ಚೂರುಗಳಾಗಿ ಮಾಡಿಕೊಳ್ಳಿ. ಮಾಂಸ ಬೇಡವೆನ್ನುವ ಮನೆಯಾದರೆ ಪನೀರ್ ಆದೀತು. ಅವಳು ನಿಮ್ಮ ಪಕ್ಕದಲ್ಲಿಯೇ ಇರುವಾಗ ಒಮ್ಮೆ ಸಿಳ್ಳೆ ಹಾಕಿ, ಒಡನೆಯೇ ಒಂದು ಚೂರು ಕೊಡಿ. ಅವಳಿಂದ ಏನನ್ನೂ ಬಯಸಬೇಡಿ. ಎರಡು ಮೂರು ದಿನಗಳಲ್ಲಿ ಸಿಳ್ಳೆ ಕೇಳಿದೊಡನೆ ಅವಳ ಮುಖ ತಾನಾಗಿ ನಿಮ್ಮತ್ತ ತಿರುಗುತ್ತದೆ. ಆಮೇಲೆ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ, ನಂತರ ಮಹಡಿಯ ಮೇಲೆ, ನಂತರ ಅಂಗಳದಲ್ಲಿ, ಹೀಗೆ ದೂರವನ್ನು ಹೆಚ್ಚಿಸುತ್ತ ಹೋಗಿ. ಅವಳು ಬಂದಾಗ ಕೈ ಚಾಚಿ ಹಿಡಿಯಬೇಡಿ. ಕುಳಿತು, ಪಕ್ಕಕ್ಕೆ ತಿರುಗಿ, ತಿನಿಸನ್ನು ನಿಮ್ಮ ಕಾಲಬುಡದಲ್ಲಿ ಇಡಿ. ನಿಮ್ಮ ಕೈಯನ್ನು ನೋಡುತ್ತಾಳೆ ಎಂದಿರಲ್ಲ. ಆ ಕೈಯ ಭಯ ಹೋಗುವುದು ಅವಳೇ ಬಂದು ಅದನ್ನು ಮೂಸಿ ನೋಡಿದಾಗ.

ಬಯಲಿಗೆ ಹೊರಟಾಗ ಹತ್ತು ಮೀಟರ್ ಉದ್ದದ, ಅಗಲವಾದ ನೂಲಿನ ಹಗ್ಗವನ್ನು ಹಾರ್ನೆಸ್‌ನ ಬೆನ್ನಿನ ಕೊಂಡಿಗೆ ಕಟ್ಟಿ. ಉದ್ದ ಹಗ್ಗವನ್ನು ಎಂದಿಗೂ ಕೊರಳಿಗೆ ಕಟ್ಟಬಾರದು. ಮುಧೋಳದಂತಹ ನಾಯಿ ಹತ್ತು ಮೀಟರ್ ಓಡಿ ತುದಿ ಮುಟ್ಟುವಷ್ಟರಲ್ಲಿ ಅದರ ವೇಗಕ್ಕೆ ಕತ್ತಿನ ಮೂಳೆಗೇ ಪೆಟ್ಟಾದೀತು. ತುದಿಯಲ್ಲಿ ಕುಣಿಕೆ ಇರಬಾರದು, ಕಲ್ಲಿಗೂ ಬೇರಿಗೂ ಸಿಕ್ಕಿಕೊಳ್ಳುತ್ತದೆ. ನಿಮ್ಮ ಕೈಗೆ ಗವಸು ಇರಲಿ. ಗುಂಡಿ ಒತ್ತಿದರೆ ಉದ್ದವಾಗುವ ಡಬ್ಬಿಯ ಹಗ್ಗಗಳು ಈ ಕೆಲಸಕ್ಕೆ ಆಗುವುದಿಲ್ಲ.

ಈ ಹಂತದಲ್ಲಿ ಒಂದೇ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು. ಅವಳು ಬರುತ್ತಾಳೆ ಎಂಬ ಭರವಸೆ ನಿಮಗಿಲ್ಲದಿದ್ದಾಗ ಸಿಳ್ಳೆ ಹಾಕಬೇಡಿ. ಹಗ್ಗ ಹಿಡಿದು ನೀವೇ ಅವಳ ಬಳಿಗೆ ನಡೆದು ಹೋಗಿ. ಫಲವಿಲ್ಲದೆ ಕೂಗಿದ ಪ್ರತಿ ಕರೆಯೂ ಆ ಕರೆಯ ತೂಕವನ್ನು ಇಳಿಸುತ್ತದೆ. ಬಂದಾಗ ತಿನಿಸು ಕೊಟ್ಟು, ಹತ್ತರಲ್ಲಿ ಒಂಬತ್ತು ಸಲ ಮತ್ತೆ ಅಡ್ಡಾಡಲು ಬಿಟ್ಟುಬಿಡಿ. ಮನೆಗೆ ಹೊರಡುವಾಗ ಮಾತ್ರ ಕರೆಯುವ ಯಜಮಾನನ ಕರೆ ನಾಯಿಗೆ ಆಟ ಮುಗಿಯಿತೆಂಬ ಸುದ್ದಿ. ಅಂತಹ ಕರೆಗೆ ಅದೇಕೆ ಓಡಿ ಬರಬೇಕು?

ಅವಳು ತಾನಾಗಿ ತಿರುಗಿ ನಿಮ್ಮತ್ತ ನೋಡಿದ ಪ್ರತಿ ಸಲವೂ ಏನಾದರೂ ಕೊಡಿ. ನಾಯಿಯೂ ಯಜಮಾನನೂ ಕಣ್ಣಿಗೆ ಕಣ್ಣಿಟ್ಟು ನೋಡಿದಾಗ ಇಬ್ಬರ ದೇಹದಲ್ಲಿಯೂ ಆಕ್ಸಿಟೋಸಿನ್ ಎಂಬ ಹಾರ್ಮೋನು ಹೆಚ್ಚುತ್ತದೆ ಎಂದು ಜಪಾನಿನ ಸಂಶೋಧಕರು 2015ರಲ್ಲಿ ತೋರಿಸಿದ್ದಾರೆ. ತಾಯಿ ಮತ್ತು ಹಸುಗೂಸಿನ ನಡುವೆ ಕೆಲಸ ಮಾಡುವ ಹಾರ್ಮೋನು ಇದೇ. ದೂರದಲ್ಲಿ ಮೇಕೆ ಕಂಡಾಗ ಕಿವಿ ನೆಟ್ಟಗಾಗಿ ಮೈ ಬಿಗಿಯುವ ಮೊದಲೇ ಸಿಳ್ಳೆ ಹಾಕಿ, ದಾರಿ ಬದಲಿಸಿ. ಯಕೃತ್ತನ್ನೂ ಬೇಡವೆನ್ನುತ್ತಾಳೆ ಎಂದಾದರೆ ನೀವು ಆಗಲೇ ಮೇಕೆಗೆ ತೀರ ಹತ್ತಿರವಿದ್ದೀರಿ ಎಂದು ಅರ್ಥ.

ಆಘಾತದ ಪಟ್ಟಿಯನ್ನು ಖಂಡಿತ ಕೊಳ್ಳಬೇಡಿ. ಮೇಕೆಯನ್ನು ನೋಡಿದ ಗಳಿಗೆಯಲ್ಲಿ ಕೊರಳಿಗೆ ನೋವಾದರೆ ನಾಯಿ ಆ ನೋವನ್ನು ಮೇಕೆಗೆ ಸೇರಿಸುತ್ತದೋ, ಪಕ್ಕದಲ್ಲಿದ್ದ ಮಗುವಿಗೆ ಸೇರಿಸುತ್ತದೋ, ನಿಮಗೇ ಸೇರಿಸುತ್ತದೋ ಎಂಬುದು ನಿಮ್ಮ ಕೈಯಲ್ಲಿಲ್ಲ.

ಕುರಿಹಟ್ಟಿ (ಚಿತ್ರದುರ್ಗ ಜಿಲ್ಲೆ):

ಇಲ್ಲಿ ನನ್ನದೊಂದು ಪ್ರಾಮಾಣಿಕ ಸಂದೇಹವಿದೆ. ನಮ್ಮ ಕಡೆ ಕುರಿ ಕಾಯುವವರ ನಾಯಿಗಳಿಗೆ ಹಗ್ಗವೂ ಇಲ್ಲ, ಯಕೃತ್ತೂ ಇಲ್ಲ. ಬೆಳಗ್ಗೆ ಮಂದೆಯ ಹಿಂದೆ ಹೊರಟ ನಾಯಿ ಸಂಜೆ ಮಂದೆಯ ಜೊತೆಯಲ್ಲಿಯೇ ಹಟ್ಟಿ ಸೇರುತ್ತದೆ. ಕುರಿಗಾರ ನಾಲಿಗೆಯಿಂದ ಒಂದು ಸದ್ದು ಮಾಡಿದರೆ ಎಲ್ಲಿದ್ದರೂ ತಲೆ ಎತ್ತುತ್ತದೆ. ನಾವು ಇದನ್ನೆಲ್ಲ ತರಬೇತಿ ಎಂದು ಕರೆದವರೇ ಅಲ್ಲ. ಹತ್ತು ಮೀಟರ್ ಹಗ್ಗ, ಲೆಕ್ಕ ಹಾಕಿ ಕೊಡುವ ತಿನಿಸು ಇವುಗಳಿಂದ ನಾಯಿಗೂ ಮನುಷ್ಯನಿಗೂ ನಡುವೆ ಬರಿಯ ಕೊಡುಕೊಳ್ಳುವ ವ್ಯವಹಾರ ಬೆಳೆದು, ಪ್ರೀತಿ ಹಿಂದೆ ಉಳಿಯುವುದಿಲ್ಲವೇ?

ನಾಯಿಪಾಠ (ಬೆಂಗಳೂರು):

ನಿಮ್ಮ ಪ್ರಶ್ನೆ ಯೋಚಿಸಬೇಕಾದದ್ದು, ಅದಕ್ಕಾಗಿ ವಂದನೆಗಳು. ಕುರಿಗಾರರ ನಾಯಿ ಕಣ್ಣು ಬಿಟ್ಟ ದಿನದಿಂದ ಕುರಿಗಳ ವಾಸನೆಯಲ್ಲಿಯೇ ಬೆಳೆಯುತ್ತದೆ. ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗೆ ಮರಿಯು ಯಾವುದರ ಜೊತೆ ಬೆರೆಯುತ್ತದೆಯೋ ಅದನ್ನು ತನ್ನದೆಂದು ಒಪ್ಪಿಕೊಳ್ಳುತ್ತದೆ. ಅದಾದ ಮೇಲೆಯೂ ದಿನಕ್ಕೆ ಹನ್ನೆರಡು ಗಂಟೆ ಅದು ಯಜಮಾನನ ಜೊತೆ ನಡೆಯುತ್ತದೆ. ಅವನು ಬುತ್ತಿ ಬಿಚ್ಚಿದಾಗ ಅದಕ್ಕೂ ಒಂದು ತುಂಡು ರೊಟ್ಟಿ ಸಿಗುತ್ತದೆ. ಕರೆಗೆ ಬಂದರೆ ಒಳ್ಳೆಯದಾಗುತ್ತದೆ ಎಂಬ ಪಾಠ ಅಲ್ಲಿಯೂ ನಡೆದೇ ಇದೆ, ಇಡೀ ದಿನಕ್ಕೆ ಹರಡಿಕೊಂಡಿರುವುದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲ ಅಷ್ಟೆ. ನಗರದ ನಾಯಿಗೆ ಸಿಗುವುದು ದಿನಕ್ಕೆ ಒಂದು ಗಂಟೆ. ಆ ಕೊರತೆಯನ್ನು ತುಂಬಲು ತಿನಿಸನ್ನೂ ಹಗ್ಗವನ್ನೂ ಬಳಸುತ್ತೇವೆ. ಕುರಿಗಾರರಿಂದ ನಾವು ಕಲಿಯಬೇಕಾದ ದೊಡ್ಡ ವಿಷಯವೊಂದಿದೆ: ಅವರು ನಡೆಯುವಾಗ ಮೊಬೈಲ್ ನೋಡುತ್ತ ನಡೆಯುವುದಿಲ್ಲ. ನಾಯಿ ತಿರುಗಿ ನೋಡಿದಾಗ ಅದನ್ನು ನೋಡುವ ಕಣ್ಣುಗಳು ಅಲ್ಲಿ ಇರುತ್ತವೆ.

ಕಾಫಿತೋಟ (ಮೂಡಿಗೆರೆ ತಾಲ್ಲೂಕು):

ನಾಯಿ ಬಿಟ್ಟುಕೊಂಡು ತಿರುಗುವುದರ ಬಗ್ಗೆ ನನ್ನ ಅನುಭವವನ್ನೂ ಹೇಳಬೇಕು, ಏಕೆಂದರೆ ಅದು ನನ್ನ ಮನಸ್ಸಿನಿಂದ ಹೋಗಿಲ್ಲ. ನಮ್ಮ ಕರಿಯ ಎಂಬ ನಾಯಿ ಆರು ವರ್ಷ ನನ್ನ ಜೊತೆ ತೋಟದ ದಾರಿಗಳಲ್ಲಿ ಹಗ್ಗವಿಲ್ಲದೆ ಓಡಾಡಿತ್ತು. ಕರೆದರೆ ಬರುತ್ತಿತ್ತು, ಆ ವಿಷಯದಲ್ಲಿ ಅದರ ತಪ್ಪೇನೂ ಇರಲಿಲ್ಲ. ಒಂದು ಸಂಜೆ ಕರೆದರೆ ಬರಲಿಲ್ಲ. ರಾತ್ರಿಯೆಲ್ಲ ಟಾರ್ಚ್ ಹಿಡಿದು ಹುಡುಕಿದೆವು. ಮರುದಿನ ಮಧ್ಯಾಹ್ನ, ಮನೆಯಿಂದ ಮುನ್ನೂರು ಮೀಟರ್ ಕೂಡ ದೂರವಿಲ್ಲದ ಬೇಲಿಯ ಕಂಡಿಯಲ್ಲಿ ಸಿಕ್ಕಿತು. ಕಾಡುಹಂದಿಗೆಂದು ಯಾರೋ ಬೈಕಿನ ಕ್ಲಚ್ ವೈರಿನಿಂದ ಒಡ್ಡಿದ್ದ ಉರುಳು ಸೊಂಟಕ್ಕೆ ಬಿಗಿದಿತ್ತು. ಸುತ್ತಲಿನ ನೆಲವನ್ನೆಲ್ಲ ಉಗುರಿನಿಂದ ಕೆದರಿ ಹಾಕಿತ್ತು. ನನ್ನನ್ನು ಕಂಡು ಬಾಲ ಅಲುಗಿಸಿತು. ಆಸ್ಪತ್ರೆ ಮುಟ್ಟುವ ಮೊದಲೇ ಹೋಯಿತು. ಉರುಳು ಬಿಗಿದ ನಾಯಿ ಕರೆ ಕೇಳಿದರೂ ಬರಲಾರದು. ಆದ್ದರಿಂದ ಮಲೆನಾಡಿನ ತೋಟ, ಕಾಡಂಚುಗಳಿಗೆ ನಾಯಿ ತರುವವರು ಅದು ಎಷ್ಟೇ ಕಲಿತಿದ್ದರೂ ಹಗ್ಗ ಬಿಚ್ಚಬೇಡಿ. ಹಂದಿಗೆ ಇಟ್ಟ ಸಿಡಿಮದ್ದಿನ ಉಂಡೆ, ಬೇಲಿಗೆ ಕಳ್ಳತನದಿಂದ ಹರಿಸಿದ ವಿದ್ಯುತ್ತು, ಹೊಂಚು ಹಾಕಿ ಕೂತ ಚಿರತೆ, ಇವೆಲ್ಲವೂ ನಮ್ಮ ಕಡೆ ದಿನನಿತ್ಯದ ಸಂಗತಿಗಳೇ.

ಇನ್ನೊಂದು ವಿನಂತಿ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಚಾರಣದ ದಾರಿಗಳಿಗಾಗಲಿ, ಪುಷ್ಪಗಿರಿ ಅಭಯಾರಣ್ಯಕ್ಕೆ ಸೇರಿದ ಕುಮಾರ ಪರ್ವತಕ್ಕಾಗಲಿ ಸಾಕುನಾಯಿಯನ್ನು ಕರೆತರುವಂತಿಲ್ಲ. ಇದನ್ನು ಅರಣ್ಯ ಇಲಾಖೆಯವರ ಕಿರಿಕಿರಿ ಎಂದು ಭಾವಿಸಬೇಡಿ. ನಾಯಿಯ ಡಿಸ್ಟೆಂಪರ್ ಕಾಯಿಲೆಯ ವೈರಾಣು ಕಾಡಿನ ಮಾಂಸಾಹಾರಿಗಳಿಗೂ ತಗಲುತ್ತದೆ. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಸಿಂಹಗಳು ಅದರಿಂದ ಸತ್ತವು. 2018ರಲ್ಲಿ ನಮ್ಮ ಗಿರ್ ಅರಣ್ಯದಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಕೆಲವೇ ವಾರಗಳಲ್ಲಿ ಸತ್ತಾಗಲೂ ಅದೇ ವೈರಾಣು ಪತ್ತೆಯಾಯಿತು. ರಕ್ಷಿತ ಪ್ರದೇಶದ ಹೊರಗಿನ ಗುಡ್ಡವಾದರೂ ಹತ್ತಿರದ ಅರಣ್ಯ ಕಚೇರಿಯಲ್ಲಿ ಒಂದು ಮಾತು ಕೇಳಿಕೊಂಡು ಹೋಗುವುದು ಒಳ್ಳೆಯದು. ಖಾಸಗಿ ತೋಟದ ಮಣ್ಣುದಾರಿಗಳಲ್ಲಿ ಅನುಮತಿ ಪಡೆದು ನಡೆಯುವುದಾದರೆ ನಮ್ಮಲ್ಲಿ ಬಹಳ ಮಂದಿ ಬೇಡವೆನ್ನುವುದಿಲ್ಲ. ಎಲ್ಲೆಲ್ಲಿ ಉರುಳಿನ ಭಯವಿದೆ ಎಂಬುದನ್ನೂ ಅವರೇ ಹೇಳುತ್ತಾರೆ.

ಪಶುವೈದ್ಯೆ (ಶಿವಮೊಗ್ಗ):

ಕರಿಯನ ವಿಷಯ ಓದಿ ಬಹಳ ನೋವಾಯಿತು. ಉರುಳಿಗೆ ಸಿಕ್ಕಿದ ನಾಯಿಗಳು ನನ್ನ ಮೇಜಿನ ಮೇಲೂ ಬರುತ್ತಲೇ ಇರುತ್ತವೆ.

ಗುಡ್ಡದ ನಡಿಗೆಯಲ್ಲಿ ನಾನು ಹೆಚ್ಚು ಹೆದರುವುದು ಬಿಸಿಲಿಗೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ತೇಕುವುದೇ ಅದಕ್ಕೆ ಮುಖ್ಯ ದಾರಿ. ಆರೋಗ್ಯವಂತ ನಾಯಿಯ ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ, ಅದು 105 ದಾಟಿದರೆ ಪ್ರಾಣಕ್ಕೆ ಅಪಾಯ. ನಮ್ಮ ಬೆಟ್ಟಗಳ ಕರಿಬಂಡೆ ಬೆಳಗಿನ ಒಂಬತ್ತು ಗಂಟೆಯ ಹೊತ್ತಿಗೇ ಕಾವಲಿಯಂತೆ ಕಾಯತೊಡಗುತ್ತದೆ. ಅಂಗೈಯ ಹಿಂಭಾಗವನ್ನು ಬಂಡೆಯ ಮೇಲೆ ಏಳು ಸೆಕೆಂಡ್ ಇಡಲು ನಿಮಗೆ ಆಗದಿದ್ದರೆ ನಾಯಿಯ ಪಾದಕ್ಕೂ ಅದು ಆಗದು. ನಾಲಿಗೆ ಅಗಲವಾಗಿ ಇಟ್ಟಿಗೆ ಕೆಂಪಾದರೆ, ಜೊಲ್ಲು ಅಂಟಂಟಾದರೆ, ನಡಿಗೆ ತೂರಾಡಿದರೆ ಆ ಕ್ಷಣವೇ ನೆರಳಿಗೆ ಎಳೆದುಕೊಂಡು ಹೋಗಿ, ಹೊಟ್ಟೆಗೂ ತೊಡೆಯ ಸಂದಿಗೂ ನೀರು ಸುರಿದು ಗಾಳಿ ಬೀಸಿ. ಒದ್ದೆ ಬಟ್ಟೆಯನ್ನು ಸುತ್ತಿ ಬಿಡಬೇಡಿ, ಅದು ಒಳಗಿನ ಬಿಸಿಯನ್ನು ಹಿಡಿದಿಡುತ್ತದೆ. ನಾಯಿ ಚೇತರಿಸಿಕೊಂಡಂತೆ ಕಂಡರೂ ವೈದ್ಯರಿಗೆ ತೋರಿಸಲೇಬೇಕು.

ಮಲೆನಾಡಿಗೆ ಬರುವವರು ಉಣುಗಿನ ಬಗ್ಗೆ ಎಚ್ಚರ ವಹಿಸಬೇಕು. ಉಣುಗಿನಿಂದ ಹರಡುವ ಜ್ವರದಲ್ಲಿ ರಕ್ತದ ಪ್ಲೇಟ್‌ಲೆಟ್ ಕುಸಿದು ನಾಯಿಯ ಮೂಗಿನಿಂದ ರಕ್ತ ಸುರಿಯುವುದುಂಟು. ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ನುಂಗಿಸುವ ಮಾತ್ರೆಗಳಿವೆ. ತೂಕ ನೋಡಿ ನಿಮ್ಮ ವೈದ್ಯರು ಬರೆದುಕೊಡುತ್ತಾರೆ. ಮನೆಗೆ ಬಂದ ಮೇಲೆ ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ, ಕಂಕುಳಲ್ಲಿ, ಬಾಲದ ಬುಡದಲ್ಲಿ ಬೆರಳಾಡಿಸಿ ನೋಡಿ. ಸಿಕ್ಕಿದ ಉಣುಗನ್ನು ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯೂ ಉಣುಗಿನಿಂದಲೇ ಮನುಷ್ಯರಿಗೆ ಬರುವಂಥದ್ದು. ನವೆಂಬರಿನಿಂದ ಮೇವರೆಗೆ ಮಂಗಗಳು ಸತ್ತ ಸುದ್ದಿಯಿರುವ ಕಾಡಿಗೆ ನೀವೂ ಹೋಗಬೇಡಿ, ನಾಯಿಯನ್ನೂ ಒಯ್ಯಬೇಡಿ.

ಮಳೆಗಾಲದಲ್ಲಿ ಇಂಬಳಕ್ಕೆಂದು ನಾವು ಕಾಲಿಗೆ ಹೊಗೆಸೊಪ್ಪು ಸುಣ್ಣ ಹಚ್ಚಿಕೊಳ್ಳುತ್ತೇವೆ. ನಾಯಿಗೆ ಅದನ್ನು ಹಚ್ಚಲೇಬಾರದು. ಅದು ಮೈ ನೆಕ್ಕುತ್ತದೆ, ಹೊಗೆಸೊಪ್ಪು ವಿಷ. ಕಚ್ಚಿದ ಇಂಬಳಕ್ಕೆ ಒಂದು ಚಿಟಿಕೆ ಉಪ್ಪು ಸಾಕು. ಚಾರಣದ ಚೀಲದಲ್ಲಿರುವ ಒಣದ್ರಾಕ್ಷಿಯನ್ನು ಪ್ರೀತಿಯಿಂದ ನಾಯಿಗೂ ಕೊಡುವವರಿದ್ದಾರೆ. ದ್ರಾಕ್ಷಿ ಹಸಿಯಾಗಲಿ ಒಣಗಿದ್ದಾಗಲಿ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲದು. ನಿಂತ ನೀರನ್ನು ಕುಡಿಸಬೇಡಿ, ಇಲಿಜ್ವರದ ಲಸಿಕೆಯನ್ನೂ ಹುಚ್ಚುನಾಯಿ ರೋಗದ ಲಸಿಕೆಯನ್ನೂ ವರ್ಷ ವರ್ಷ ತಪ್ಪಿಸಬೇಡಿ.

ದೂರದ ಊರು (ಹ್ಯಾನೋವರ್, ಜರ್ಮನಿ):

ಧಾರವಾಡದಿಂದ ಇಲ್ಲಿಗೆ ಬಂದು ನೆಲೆಸಿರುವ ನಾನು, ಇಲ್ಲಿ ನಾಯಿ ಸಾಕಲು ಪರೀಕ್ಷೆ ಬರೆಯಬೇಕು ಎಂದು ತಿಳಿದಾಗ ಚಕಿತಳಾಗಿದ್ದೆ. ನಮ್ಮ ರಾಜ್ಯವಾದ ಲೋವರ್ ಸ್ಯಾಕ್ಸನಿಯಲ್ಲಿ 2013ರಿಂದ, ಹೊಸದಾಗಿ ನಾಯಿ ಸಾಕುವವರು ಮೊದಲು ಬರವಣಿಗೆಯ ಪರೀಕ್ಷೆಯನ್ನೂ ಆಮೇಲೆ ನಾಯಿಯೊಡನೆ ನಡೆದು ತೋರಿಸುವ ಪರೀಕ್ಷೆಯನ್ನೂ ಮುಗಿಸಬೇಕು. ಏಪ್ರಿಲ್ 1ರಿಂದ ಜುಲೈ 15ರವರೆಗೆ ಕಾಡಿನಲ್ಲಿಯೂ ಬಯಲಿನಲ್ಲಿಯೂ ನಾಯಿಗೆ ಹಗ್ಗ ಕಡ್ಡಾಯ, ಏಕೆಂದರೆ ಅದು ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳೂ ಜಿಂಕೆಗಳೂ ಮರಿ ಮಾಡುವ ಕಾಲ. ನಾಯಿಪಾಠದವರು ಹೇಳಿದ ಹತ್ತು ಮೀಟರ್ ಹಗ್ಗವನ್ನು ಇಲ್ಲಿ ಪ್ರತಿಯೊಬ್ಬರ ಕೈಯಲ್ಲಿಯೂ ನೋಡುತ್ತೇನೆ, ವರ್ಷಗಟ್ಟಲೆ ಬಳಸುತ್ತಾರೆ. ಅದರಿಂದ ಯಾರ ನಾಯಿಯೂ ದುಃಖದಲ್ಲಿದ್ದಂತೆ ನನಗೆ ಕಂಡಿಲ್ಲ. ನಮ್ಮ ತರಬೇತುದಾರರು ಮೊದಲ ದಿನವೇ ಹೇಳಿದ ಮಾತು, ನಡಿಗೆಯ ಅರ್ಧದಷ್ಟು ಹೊತ್ತು ನಾಯಿ ತನಗೆ ಬೇಕಾದಲ್ಲಿ ನಿಂತು ಮೂಸಲಿ ಎಂಬುದು. ಮೊದಲು ಗಂಟೆಗೆ ಐದು ಕಿಲೋಮೀಟರ್ ನಡೆಸಿದರೂ ದಣಿಯದ ನನ್ನ ನಾಯಿ, ಈಗ ಎರಡು ಕಿಲೋಮೀಟರ್ ಮೂಸುತ್ತ ನಡೆದು ಬಂದರೆ ಮಧ್ಯಾಹ್ನವಿಡೀ ಮಲಗುತ್ತದೆ.

ಮುಂಜಾವು (ಮೈಸೂರು):

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಒಂದು ಪ್ರಶ್ನೆ ಉಳಿದಿದೆ. ನಾಲೆಯ ದಾರಿಯಲ್ಲಿ ಬೀದಿನಾಯಿಗಳು ಗುಂಪಾಗಿ ಎದುರಾಗುತ್ತವೆ. ಆಗ ಏನು ಮಾಡಬೇಕು?

ನಾಯಿಪಾಠ (ಬೆಂಗಳೂರು):

ದಿನವೂ ಅದೇ ದಾರಿಯಾದರೆ ಆ ನಾಯಿಗಳೂ ಇಂದಲ್ಲ ನಾಳೆ ಪರಿಚಿತರಾಗುತ್ತವೆ. ಮೊದಲ ಕೆಲವು ದಿನ ಮಿಂಚುವನ್ನು ಬಿಟ್ಟು ನೀವೊಬ್ಬರೇ ಹೋಗಿ, ಅವು ಎಲ್ಲಿ ಮಲಗುತ್ತವೆ, ಎಲ್ಲಿಯವರೆಗೆ ತಮ್ಮ ಜಾಗವೆಂದು ಬೊಗಳುತ್ತವೆ ಎಂದು ನೋಡಿಕೊಳ್ಳಿ. ಎದುರಾದಾಗ ಓಡಬೇಡಿ, ಕಲ್ಲು ಎತ್ತಬೇಡಿ; ನೀವು ಅವುಗಳಿಗೂ ಮಿಂಚುವಿಗೂ ನಡುವೆ ಬರುವಂತೆ ನಿಂತು, ನೇರವಾಗಿ ಕಣ್ಣಿಟ್ಟು ನೋಡದೆ, ಅರ್ಧಚಂದ್ರಾಕಾರದಲ್ಲಿ ಸುತ್ತಿ ನಡೆಯಿರಿ. ಹಗ್ಗ ಸಡಿಲವಾಗಿರಲಿ. ಹಗ್ಗ ಬಿಗಿದರೆ ನಿಮ್ಮ ಹೆದರಿಕೆ ಅದರ ಮೂಲಕವೇ ಅವಳಿಗೆ ಇಳಿಯುತ್ತದೆ.

ಮುಂಜಾವು (ಮೈಸೂರು), ನಾಲ್ಕು ತಿಂಗಳ ನಂತರ:

ಭರವಸೆ ಕೊಟ್ಟಂತೆ ವರದಿ ಒಪ್ಪಿಸುತ್ತಿದ್ದೇನೆ. ಮೊದಲ ಹತ್ತು ದಿನ ಸಿಳ್ಳೆಯೂ ಯಕೃತ್ತೂ ಮನೆಯೊಳಗೇ ನಡೆದವು. ಆಮೇಲೆ ಅಂಗಳದಲ್ಲಿ ನಾನು ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕುಳಿತು ಸಿಳ್ಳೆ ಹಾಕುತ್ತಿದ್ದೆ. ಅವಳು ಎರಡು ಮಾರು ದೂರಕ್ಕೆ ಬಂದು ನಿಲ್ಲುತ್ತಿದ್ದಳು. ಹದಿನೇಳನೆಯ ದಿನ ಸಂಜೆ ನನ್ನ ಬೆನ್ನ ಹಿಂದಿನಿಂದ ಬಂದು, ಮಂಡಿಯ ಮೇಲೆ ಮಗುಚಿ ಇಟ್ಟಿದ್ದ ನನ್ನ ಬಲಗೈಯನ್ನು ಮೂಸಿದಳು. ಮೂಗು ತಣ್ಣಗಿತ್ತು. ನಾನು ಕೈ ಅಲುಗಿಸಲಿಲ್ಲ. ಅವಳು ಆ ಕೈಯ ಬೆರಳ ಸಂದಿಯಲ್ಲಿ ಮೂತಿ ತೂರಿಸಿ ತಿನಿಸನ್ನು ತಾನೇ ತೆಗೆದುಕೊಂಡಳು. ಆಗ ನನ್ನ ಕಣ್ಣು ತುಂಬಿ ಬಂದದ್ದನ್ನು ಇಲ್ಲಿ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಈಗ ವಾರಕ್ಕೆ ಎರಡು ಸಲ ಪರಿಚಿತರ ಬೇಲಿಯಿರುವ ತೆಂಗಿನ ತೋಟದಲ್ಲಿ ಬಿದಿರು ಕೋಲಿನ ಆಟ ನಡೆಯುತ್ತದೆ. ಉಳಿದ ದಿನ ನಾಲೆಯ ಏರಿ, ಹತ್ತು ಮೀಟರ್ ಹಗ್ಗ, ಅಗಲ ಪಟ್ಟಿ, ಹಾರ್ನೆಸ್. ಅವಳು ಮೂಸುತ್ತ ನಿಂತರೆ ನಾನೂ ನಿಲ್ಲುತ್ತೇನೆ. ಮೊಬೈಲನ್ನು ಮನೆಯಲ್ಲಿ ಬಿಡುವುದು ಆಗದ ಕಾರಣ ಜೇಬಿನಿಂದ ತೆಗೆಯದಿರುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಕಳೆದ ಭಾನುವಾರ ರಾಗಿ ಹೊಲದಿಂದ ನವಿಲೊಂದು ಸದ್ದು ಮಾಡುತ್ತ ಎದ್ದಿತು. ಮಿಂಚುವಿನ ಕಿವಿ ನೆಟ್ಟಗಾಯಿತು, ಮುಂಗಾಲೊಂದು ಮೇಲೆದ್ದಿತು. ನಾನು ಸಿಳ್ಳೆ ಹಾಕಿದೆ. ಅವಳು ನವಿಲು ಇಳಿದ ದಿಕ್ಕನ್ನು ಇನ್ನೊಮ್ಮೆ ನೋಡಿ, ತಿರುಗಿ, ಹಗ್ಗ ನೆಲದ ಮೇಲೆ ಸಡಿಲವಾಗಿ ಎಳೆಯುತ್ತಿರುವಾಗಲೇ ನನ್ನ ಬಳಿಗೆ ಓಡಿ ಬಂದಳು. ಚೀಲದಲ್ಲಿದ್ದ ಯಕೃತ್ತನ್ನೆಲ್ಲ ಒಂದೇ ಸಲಕ್ಕೆ ಅವಳ ಮುಂದೆ ಸುರಿದುಬಿಟ್ಟೆ.

ಮೊಲ ಎದ್ದರೆ ಬರುತ್ತಾಳೆ ಎಂದು ನಾನು ಇನ್ನೂ ಹೇಳಲಾರೆ, ಆದ್ದರಿಂದ ಹಗ್ಗ ಬಿಚ್ಚುವ ಯೋಚನೆಯೂ ಇಲ್ಲ. ಬರುವ ತಿಂಗಳು ಮೊದಲ ಗುಡ್ಡಕ್ಕೆ ಹೊರಟಿದ್ದೇವೆ. ಅರಣ್ಯ ಕಚೇರಿಯಲ್ಲಿ ವಿಚಾರಿಸಿ ಆಗಿದೆ, ಉಣುಗಿನ ಮಾತ್ರೆ ಕೊಡಿಸಿ ಆಗಿದೆ, ಬೆಳಗ್ಗೆ ಆರಕ್ಕೆ ಹತ್ತಿ ಒಂಬತ್ತರೊಳಗೆ ಇಳಿಯುವ ಲೆಕ್ಕ ಹಾಕಿದ್ದೇನೆ. ಅವಳ ಪಾಲಿಗೆ ಎರಡು ಲೀಟರ್ ನೀರು ಬೇರೆಯಾಗಿ ಹೊರುತ್ತೇನೆ. ಕಾಫಿತೋಟದವರಲ್ಲಿ ಒಂದು ಕೋರಿಕೆ: ನಿಮ್ಮ ಕಡೆ ಬಂದಾಗ ಕರಿಯ ಓಡಾಡುತ್ತಿದ್ದ ದಾರಿಯಲ್ಲಿ ನಿಮ್ಮ ಜೊತೆ ನಡೆಯಲು ನಮಗಿಬ್ಬರಿಗೂ ಅನುಮತಿ ಕೊಡಬೇಕು.

ಕಾಫಿತೋಟ (ಮೂಡಿಗೆರೆ ತಾಲ್ಲೂಕು):

ಖಂಡಿತ ಬನ್ನಿ. ಮಳೆ ಪೂರ್ತಿ ಬಿಟ್ಟ ಮೇಲೆ, ಕಾಫಿ ಕೊಯ್ಲು ಶುರುವಾಗುವ ಮೊದಲು ಬಂದರೆ ದಾರಿಗಳು ಖಾಲಿ ಇರುತ್ತವೆ. ಬರುವ ಹಿಂದಿನ ದಿನ ತಿಳಿಸಿ. ಬೇಲಿಯ ಕಂಡಿಗಳನ್ನೆಲ್ಲ ನಾನೊಮ್ಮೆ ಸುತ್ತಿ ನೋಡಿಟ್ಟಿರುತ್ತೇನೆ.